ಮಂಡಕ್ಕಿ ವ್ಯಾಟು

ಡಬ್ಬದ ಮೇಲೆ ಬರೆದದ್ದು ನಾಲ್ಕು ಸಾವಿರ ವ್ಯಾಟು.
ಬೆಲೆ ಮೂರು ಸಾವಿರದ ಇನ್ನೂರು.
ರೂಪಾಯಿಗಿಂತ ವ್ಯಾಟೇ ಜಾಸ್ತಿ ಕೊಡುವ ವ್ಯಾಪಾರ
ದಾವಣಗೆರೆಯಲ್ಲಿ ನಾನು ಕಂಡದ್ದು ಇದೇ ಮೊದಲು.

‘ಜಬೀವುಲ್ಲಾ, ಇದನ್ನೇ ಕಟ್ಟು’ ಅಂದೆ.
ಅವನು ಕಟ್ಟಲಿಲ್ಲ.
ಪಿ.ಬಿ. ರಸ್ತೆಯ ಧೂಳು ಒರೆಸಿ, ಡಬ್ಬ ಬಿಚ್ಚಿ,
ಆಂಪ್ಲಿಫೈಯರಿನ ಬೆನ್ನಿಗೆ ಬೆರಳಿಟ್ಟ:
‘ಫ್ಯೂಸ್ ನೋಡಣ್ಣ. ಹದಿನೈದು ಆಂಪಿಯರು.
ಬ್ಯಾಟರಿ ಹನ್ನೆರಡು ವೋಲ್ಟು. ಗುಣಿಸು.’

ಗುಣಿಸಿದೆ. ನೂರಾ ಎಂಬತ್ತು.
‘ಅದರಾಗೆ ಅರ್ಧ ಬಿಸಿಗೆ ಹೋತು.
ಉಳಿದದ್ದು ನಾಲ್ಕು ಸ್ಪೀಕರಿಗೆ ಹಂಚು.’
‘ಮತ್ತೆ ಆ ನಾಲ್ಕು ಸಾವಿರ?’
‘ಡಬ್ಬ ಅಚ್ಚು ಹಾಕಿದ ಪ್ರೆಸ್ಸಿನವನನ್ನ ಕೇಳಬೇಕು.’

ನನಗೆ ಇಷ್ಟು ಸಾಕಿತ್ತು.
ಭಟ್ಟಿಯ ಮನುಷ್ಯ ನಾನು, ಇಪ್ಪತ್ತೆರಡು ವರ್ಷ
ಕಾದ ಮರಳಲ್ಲಿ ಅಕ್ಕಿ ಉಬ್ಬುವುದನ್ನು ನೋಡಿದವನು.
ನಾಲ್ಕು ಸೇರು ಚಟಪಟ ಅಂದು
ಆಳೆತ್ತರದ ಚೀಲವಾಗುತ್ತದೆ,
ಎತ್ತಿದರೆ ಕೈಗೆ ಭಾರವೇ ಇಲ್ಲ.
ಹೊಸ ಗಿರಾಕಿ ಚೀಲ ನೋಡುತ್ತಾನೆ,
ಹಳಬ ತಕ್ಕಡಿ ನೋಡುತ್ತಾನೆ.
ಡಬ್ಬದ ಮೇಲಿನದು ಮಂಡಕ್ಕಿ ವ್ಯಾಟು.
ನನಗೆ ಬೇಕಿದ್ದದ್ದು ಅಕ್ಕಿ.

‘ಹಂಗಾದ್ರೆ ಆರ್‌ಎಂಎಸ್ ಅಂತ ಬರೆದದ್ದು ಕೇಳು.
ದಿನವಿಡೀ ದಣಿಯದೆ ಎಷ್ಟು ದುಡೀತೈತೋ ಅಷ್ಟು.
ಪಂದ್ಯದಾಗೆ ಒಂದೇ ಸಲ ಗುಂಡೆತ್ತಿದ್ದು ಲೆಕ್ಕಕ್ಕಿಲ್ಲ.’

ನನ್ನ ಸ್ಪೀಕರುಗಳು ಹಳೆ ಓಮ್ನಿಯ ಜೊತೆಗೇ ಬಂದವು,
ಹರಿಹರದ ಫೋಟೋಗ್ರಾಫರೊಬ್ಬ ಹಾಕಿಸಿದ್ದು.
ನಾಲ್ಕು ಓಮ್, ತಲಾ ಐವತ್ತು.
ಅವಕ್ಕೆ ತಕ್ಕದ್ದು ಮೇಲಿನ ಕಪಾಟಿನಲ್ಲಿತ್ತು:
ಚಿಕ್ಕದು, ಕಪ್ಪನೆಯದು, ಇಟ್ಟಿಗೆಯಷ್ಟು ತೂಕ.
ನಾಲ್ಕು ಚಾನೆಲ್, ನಲವತ್ತೈದು ವ್ಯಾಟು, ಫ್ಯೂಸು ಮೂವತ್ತು.
ಗುಣಿಸಿ ಅರ್ಧ ಮಾಡಿದೆ, ಸರಿಹೋಯಿತು.
ಐದು ಸಾವಿರದ ಎಂಟುನೂರು.

ಚೀಟಿ ಎತ್ತಿದ ಏಳು ಸಾವಿರ ಜೇಬಿನಲ್ಲಿತ್ತು.
ಹಾಲಮ್ಮ ಗಾಡಿಯಿಂದ ಇಳಿಯದೆ ಕಿಟಕಿಯಲ್ಲೇ ಕೇಳಿದಳು,
‘ನೀಲಿ ದೀಪ ಇರೋದು ಬ್ಯಾಡ್ವಾ?’
‘ದೀಪ ಕೇಳಿಸಲ್ಲಕ್ಕ’ ಅಂದ ಜಬೀವುಲ್ಲಾ.
ಅವಳಿಗೆ ಆ ಮಾತು ಹಿಡಿಸಿತು,
ನನಗಿಂತ ಮೊದಲೇ ಒಪ್ಪಿಬಿಟ್ಟಳು.

ಉಳಿದ ದುಡ್ಡಿಗೆ ತಂತಿ.
ಅಗ್ಗದ್ದು ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ವೇಷ.
ಚಾಕುವಿನಲ್ಲಿ ಕೆರೆದು ತೋರಿಸಿ
ಕೆಂಪಗೆ ಕೆಂಪಗೇ ಇದ್ದದ್ದನ್ನು ಅಳೆದುಕೊಟ್ಟ.

ಹದಡಿ ರಸ್ತೆ ಮುಟ್ಟುವಷ್ಟರಲ್ಲಿ ಒಂದು ಕುಂಯ್.
ಆಕ್ಸಲರೇಟರ್ ತುಳಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ,
ಹಾಡಿನ ಬೆನ್ನಿಗೆ ಬಿದ್ದ ಸೊಳ್ಳೆ.
ಗಾಡಿ ತಿರುಗಿಸಿದೆ.

ಜಬೀವುಲ್ಲಾ ಸೀಟಿನ ಕೆಳಗೆ ತಲೆ ತೂರಿಸಿ ಬೋಲ್ಟು ಬಿಚ್ಚಿದ.
‘ನಮ್ ಹುಡುಗ ಬಣ್ಣದ ಮೇಲೇ ಗ್ರೌಂಡ್ ಕೊಟ್ಟಾನೆ.
ತಗಡು ಕಾಣಬೇಕು, ಬರೀ ತಗಡು.’
ಪಾಲಿಶ್ ಪೇಪರಿನಲ್ಲಿ ಉಜ್ಜಿದ.
ರೂಪಾಯಿಯಗಲ ಬೆಳ್ಳಗಾಯಿತು.
ಕುಂಯ್ ಹೋಯಿತು.

ಅಪ್ಪ ಗಿರಣಿಯ ರಿಂಗ್ ಫ್ರೇಮಿನಲ್ಲಿ ಇಪ್ಪತ್ತೊಂಬತ್ತು ವರ್ಷ.
ಗಿರಣಿ ಮುಚ್ಚಿದ ಮೇಲೂ ಅವನ ಕಿವಿಯಲ್ಲಿ
ಪಾಳಿ ಮುಗಿದಿರಲಿಲ್ಲ.
ಉಣ್ಣಲು ಕೂತವನು ತುತ್ತು ಹಿಡಿದು ತಲೆ ವಾಲಿಸಿ
‘ಯಾವನೋ ಕದಿರು ನಿಲ್ಲಿಸೋದು ಮರೆತಾನೆ’ ಅನ್ನುತ್ತಿದ್ದ.
ನಾವು ನಗುತ್ತಿದ್ದೆವು.
ಯಾವ ಬೋಲ್ಟೋ, ಎಲ್ಲಿಯ ಬಣ್ಣ ಕೆರೆಯಬೇಕಿತ್ತೋ.

ಗೇನ್ ಅರ್ಧಕ್ಕಿಂತ ಕೆಳಗೇ ನಿಲ್ಲಿಸಿ
‘ಇನ್ನು ಮುಟ್ಟಬ್ಯಾಡ’ ಅಂದ ಜಬೀವುಲ್ಲಾ.
ಚಹಾ ತರಿಸಿದ. ಲೆಕ್ಕದಲ್ಲಿ ನಲವತ್ತು ಬಿಟ್ಟ.

ಸಂಜೆ ಹನ್ನೊಂದು ಚೀಲ ಹೇರಿಕೊಂಡು ಹೊರಟಾಗ
ಹಾಡಿನ ನಡುವೆ ತಮಟೆಯ ಏಟೊಂದು ಬಿತ್ತು.
ಬಾಯಿ ಸಡಿಲಾದ ಚೀಲದಿಂದ ನಾಲ್ಕು ಕಾಳು ಮಂಡಕ್ಕಿ
ತಗಡಿನ ಮೇಲೆ ಕುಣಿದವು,
ಒಂದು ಹಾರಿ ಹಾಲಮ್ಮನ ಮಡಿಲಿಗೆ ಬಿತ್ತು.
ಬಾಯಿಗೆ ಹಾಕಿಕೊಂಡು, ವಾಲ್ಯೂಮ್ ತಗ್ಗಿಸಿ,
‘ಚಲೋ ಐತೆ’ ಅಂದಳು.
‘ಈಗ ಹೇಳು, ಚೀಟಿಯ ಉಳಿದ ಕಂತು
ಯಾರು ಕಟ್ತಾರೆ?’